ಗರ್ಭಗುಡಿಯ ಗೋಡೆಗೆ ಕಮಾನು ಕೊರೆದಾಗ

ಪತ್ರ: ಗ್ರೀಕ್ ದೇಗುಲಗಳ ಬಗ್ಗೆ ನಿಮ್ಮ ಲೇಖನ ಓದಿದೆ. ಕ್ರೈಸ್ತರು ಅಷ್ಟು ಚೆಂದದ ಕಟ್ಟಡಗಳನ್ನು ಬಿಟ್ಟು ಬೇರೆ ತರಹದ ಚರ್ಚ್ ಯಾಕೆ ಕಟ್ಟಿದರು? ಅವರ ಚಿತ್ರಗಳಲ್ಲಿ ಜನ ಬಿಗಿದುಕೊಂಡು ನಿಂತಿರುತ್ತಾರೆ. ಗ್ರೀಕರ ಕೈಚಳಕ ಮರೆತೇ ಹೋಯ್ತಾ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಪೂಜೆ ಎಲ್ಲಿ ನಡೆಯುತ್ತಿತ್ತು ಅಂತ ನೋಡಿದರೆ ನಿಮ್ಮ ಮೊದಲ ಪ್ರಶ್ನೆ ಬಗೆಹರಿಯುತ್ತದೆ. ಗ್ರೀಕರ ದೇಗುಲದೊಳಗೆ ಜನ ಸೇರುತ್ತಿರಲಿಲ್ಲ. ಅಲ್ಲಿ ಇರುತ್ತಿದ್ದದ್ದು ದೇವರ ಮೂರ್ತಿ, ಹರಕೆಯ ವಸ್ತುಗಳು. ಬಲಿಪೀಠ ಹೊರಗೆ ಬಯಲಲ್ಲಿ. ಬಲಿ, ಹಾಡು, ಊಟ ಎಲ್ಲ ಅಲ್ಲೇ. ಅದಕ್ಕೇ ಶಿಲ್ಪಿಗಳು ಹೊರಗಿನ ಕಂಬ, ಹೊರಗಿನ ಉಬ್ಬುಶಿಲ್ಪಕ್ಕೆ ಅಷ್ಟು ಜೀವ ತೇದರು.

ಕ್ರೈಸ್ತರಿಗೆ ಬೇಕಾಗಿದ್ದು ಎಲ್ಲರೂ ಒಂದೇ ಸೂರಿನಡಿ ಸೇರುವ ಜಾಗ. 313ರಲ್ಲಿ ಬಹಿರಂಗವಾಗಿ ಆರಾಧನೆ ಮಾಡಲು ಅವಕಾಶ ಸಿಕ್ಕ ಮೇಲೆ ಅವರ ಕಣ್ಣು ಹೋಗಿದ್ದು ದೇಗುಲದ ಕಡೆಗಲ್ಲ, ರೋಮನ್ನರ ಬೆಸಿಲಿಕಾ ಕಡೆಗೆ. ನ್ಯಾಯ ತೀರ್ಮಾನ, ವ್ಯಾಪಾರದ ಮಾತುಕತೆ ನಡೆಯುತ್ತಿದ್ದ ಉದ್ದನೆಯ ಹಜಾರ ಅದು. ರೋಮ್‌ನಲ್ಲಿರುವ ಐದನೇ ಶತಮಾನದ ಸಾಂತಾ ಸಬೀನಾ ಚರ್ಚ್ ನೋಡಿ. ಹೊರಗೆ ಬೋಳು ಇಟ್ಟಿಗೆ ಗೋಡೆ, ಒಳಗೆ ತುದಿಯಲ್ಲಿ ಎಲೆಗಳ ಕೆತ್ತನೆ ಇರುವ 24 ಕೊರಿಂಥಿಯನ್ ಕಂಬಗಳು.

ಆದರೆ ಎಲ್ಲ ಕಡೆಯೂ ಹಳೆಯದನ್ನು ಬಿಟ್ಟರು ಅನ್ನುವಂತಿಲ್ಲ. ಸಿಸಿಲಿಯ ಸಿರಾಕ್ಯೂಸ್‌ನಲ್ಲಿ ಕ್ರಿ.ಪೂ. ಐದನೇ ಶತಮಾನದ ಅಥೀನಾ ದೇಗುಲವೇ ಕ್ರಿ.ಶ. ಏಳನೇ ಶತಮಾನದಲ್ಲಿ ಚರ್ಚ್ ಆಯಿತು. ಅದನ್ನು ಮಾಡಿದ ರೀತಿ ನೋಡಬೇಕು. ಸುತ್ತಲಿನ ಡೋರಿಕ್ (ಸರಳ ತಲೆಯ ದಪ್ಪ) ಕಂಬಗಳ ನಡುವೆ ಕಲ್ಲು ತುಂಬಿ ಹೊರಗೋಡೆ ಮಾಡಿದರು. ಗರ್ಭಗುಡಿಯ ಉದ್ದ ಗೋಡೆಗಳಿಗೆ ಒಂದೊಂದು ಕಡೆ ಎಂಟೆಂಟು ಕಮಾನು ಕೊರೆದರು. ದೇವರು ಒಬ್ಬಳೇ ಇದ್ದ ಕೋಣೆ ಜನರ ಹಜಾರವಾಯಿತು. ಪೂರ್ವಕ್ಕಿದ್ದ ಬಾಗಿಲು ಪಶ್ಚಿಮಕ್ಕೆ ಬಂತು, ಯಾಕಂದ್ರೆ ಚರ್ಚಿನ ಪೀಠ ಪೂರ್ವಕ್ಕೆ ಬೇಕಿತ್ತು. ಅಂಗಿಯ ಒಳಮೈ ಹೊರಗೆ ಮಾಡಿ ತೊಟ್ಟ ಹಾಗೆ! ಇವತ್ತಿಗೂ ಪಕ್ಕದ ಬೀದಿಯಲ್ಲಿ ನಡೆದರೆ ಗೋಡೆಯಿಂದ ಆ ದಪ್ಪ ಕಂಬಗಳು ಅರ್ಧರ್ಧ ಹೊರಗೆ ಚಾಚಿಕೊಂಡಿರುವುದು ಕಾಣುತ್ತದೆ. ಎದುರಿಗಿರುವ, ಅಲಂಕಾರ ತುಂಬಿದ ಬರೋಕ್ ಶೈಲಿಯ ಮುಖ 1693ರ ಭೂಕಂಪದ ನಂತರದ್ದು. ಅದನ್ನಷ್ಟೇ ನೋಡಿ ಫೋಟೋ ತೆಗೆದು ಬಂದರೆ ಸುಮ್ನೆ ಹೋಗಿಬಂದ ಹಾಗೆ.

ಎಲ್ಲೆಡೆ ಇಷ್ಟು ಸೌಮ್ಯವಾಗಿ ನಡೆಯಲಿಲ್ಲ, ಅದನ್ನೂ ಹೇಳಬೇಕು. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಸೆರಾಪಿಸ್ ದೇವರ ಗುಡಿ ಸೆರಾಪಿಯಮ್ ನಾಲ್ಕನೇ ಶತಮಾನದ ಕೊನೆಯಲ್ಲಿ ನೆಲಸಮವಾಯಿತು. ಅಥೆನ್ಸ್‌ನ ಅಥೀನಾ ದೇಗುಲ ಪಾರ್ಥೆನಾನ್ ಮೇರಿಮಾತೆಯ ಚರ್ಚ್ ಆಗಿ ಉಳಿಯಿತು, ಆದರೆ ಅದರ ಎಷ್ಟೋ ಉಬ್ಬುಶಿಲ್ಪಗಳನ್ನು ಉಳಿಯಿಂದ ಕೆತ್ತಿಹಾಕಿದರು.

ಇನ್ನು ಕೈಚಳಕ. ಮರೆತಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಇದಕ್ಕೆ ಸಾಕ್ಷಿ ಇಟಲಿಯ ರವೆನ್ನಾದಲ್ಲಿದೆ. 547ರಲ್ಲಿ ಪ್ರತಿಷ್ಠೆಯಾದ ಸಾನ್ ವಿತಾಲೆ ಚರ್ಚಿನ ಗೋಡೆಗಳ ತುಂಬ ಮೊಸಾಯಿಕ್, ಅಂದರೆ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರಗಳು. ಒಂದು ಚಿತ್ರದಲ್ಲಿ ಬೈಬಲ್ಲಿನ ಪ್ರವಾದಿ ಮೋಶೆ ಬಂಡೆಗಳ ನಡುವೆ ಮೈ ತಿರುಗಿಸಿ ಕೂತು ಕುರಿ ಸವರುತ್ತಿದ್ದಾನೆ. ಹಳೆ ಗ್ರೀಕ್ ಶೈಲಿಯ ನೆನಪು ಅಲ್ಲಿ ಚೆನ್ನಾಗಿಯೇ ಇದೆ. ಹತ್ತಿರದ ಇನ್ನೊಂದು ಗೋಡೆಯಲ್ಲಿ ಆಗ ಆಳುತ್ತಿದ್ದ ಚಕ್ರವರ್ತಿ ಜಸ್ಟಿನಿಯನ್ ಚಿನ್ನದ ಹಿನ್ನೆಲೆ ಎದುರು ಪಾತ್ರೆ ಹಿಡಿದು, ಪರಿವಾರದ ಜೊತೆ ಸಾಲಾಗಿ, ನೆಟ್ಟಗೆ ನಿಂತಿದ್ದಾನೆ. ನಿಮಗೆ ಬಿಗಿ ಅನ್ನಿಸಿದ್ದು ಇಂಥದ್ದೇ ಅಲ್ವಾ? ಒಂದೇ ಚರ್ಚು, ಒಂದೇ ಕಾಲ, ಎರಡು ಶೈಲಿ. ಅಂದರೆ ಯಾವುದು ಎಲ್ಲಿಗೆ ಸರಿ ಅಂತ ಯೋಚಿಸಿಯೇ ಮಾಡಿದ್ದಾರೆ.

ಚಿನ್ನದ ಕೆಲಸವೂ ಸಾಮಾನ್ಯದ್ದಲ್ಲ. ಗಾಜಿನ ಎರಡು ಪದರಗಳ ನಡುವೆ ಚಿನ್ನದ ತೆಳು ಹಾಳೆ ಇಟ್ಟು ಚೂರು ಮಾಡಿ, ಹಸಿ ಗಾರೆಗೆ ಒಂದೊಂದನ್ನೂ ಒಂದೊಂದು ಓರೆಯಲ್ಲಿ ಒತ್ತುತ್ತಿದ್ದರು. ದೀಪದ ಬೆಳಕಿನಲ್ಲಿ ನಾವು ನಡೆದ ಹಾಗೆಲ್ಲ ಗೋಡೆಯೂ ಮಿನುಗುತ್ತಾ ಹೋಗುತ್ತದೆ. ಪುಸ್ತಕದ ಪುಟದಲ್ಲಿ ಅದು ಚಪ್ಪಟೆಯಾಗಿ ಕಂಡರೆ ಪಾಪ, ಚಿತ್ರದ ತಪ್ಪಲ್ಲ. ಜಸ್ಟಿನಿಯನ್ ರವೆನ್ನಾಕ್ಕೆ ಕಾಲಿಟ್ಟವನೇ ಅಲ್ಲ. ಆ ಊರಿನವರಿಗೆ ಈ ಚಿತ್ರವೇ ಚಕ್ರವರ್ತಿ. ಮೋಶೆಯ ಹಾಗೆ ಪಕ್ಕಕ್ಕೆ ತಿರುಗಿ ಕುರಿ ಸವರುತ್ತಾ ಕೂತರೆ ಆಳುವ ಕೆಲಸ ನಡೆಯುತ್ತಿರಲಿಲ್ಲ.