ಓದುಗರ ಪ್ರಶ್ನೆ: ನಮಗೆ ಅಂಕ, ಅವರಿಗೇನು?

ಪ್ರಶ್ನೆ: ನಾನು ಧಾರವಾಡದಲ್ಲಿ ಎಂ.ಎ. ಮನಃಶಾಸ್ತ್ರ ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಸಮುದಾಯ ಸೇವೆಗೂ ಅಂಕವಿದೆ. ವಾರಕ್ಕೊಮ್ಮೆ ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ ಮಹಿಳಾ ಸಂಘದವರ ಜೊತೆ ಕೂತು ಖಿನ್ನತೆ ಎಷ್ಟಿದೆ ಅಂತ ನೋಡುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9 ಪ್ರಶ್ನಾವಳಿ ತುಂಬಿಸಿಕೊಂಡು ಬರುತ್ತೇವೆ. ಅವರ ಹೊತ್ತು ಸುಮ್ನೆ ಹಾಳು ಮಾಡ್ತಿದ್ದೀವಾ?

ಉತ್ತರ: ಬರೀ ಹಾಳೆ ತುಂಬಿಸಿಕೊಂಡು ಬಂದರೆ ಹೌದು. ಅದು ಸರ್ವೇ, ಸೇವೆ ಅಲ್ಲ. ನಿಮ್ಮಿಂದ ಏನಾಗಬೇಕು ಅಂತ ಆ ಹೆಂಗಸರನ್ನು ಒಮ್ಮೆಯಾದರೂ ಕೇಳಿದ್ದೀರಾ? ಮೊದಲು ಕೇಳಿ.

ಪ್ರಶ್ನಾವಳಿ ಬೇಡ ಅನ್ನುತ್ತಿಲ್ಲ. ಅದರ ಏಳನೇ ಪ್ರಶ್ನೆ ನೋಡಿ. ಪೇಪರ್ ಓದುವಾಗ, ಟಿವಿ ನೋಡುವಾಗ ಮನಸ್ಸು ನಿಲ್ಲುತ್ತಿಲ್ಲವೇ ಅಂತ ಕೇಳುತ್ತದೆ. ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸಿ, ಮನೆಗೆ ಬಂದು ರೊಟ್ಟಿ ಬಡಿಯುವವಳು ಪೇಪರ್ ಹಿಡಿಯುವುದು ಯಾವಾಗ? 'ಇಲ್ರಿ' ಅಂತಾಳೆ, ನೀವು ಸೊನ್ನೆ ಹಾಕುತ್ತೀರಿ. ಆಮೇಲೆ ಅವಳೇ 'ಹಂಚಿನ ಮ್ಯಾಲೆ ರೊಟ್ಟಿ ಹೊತ್ತಿದ್ರೂ ಗೊತ್ತಾಗಂಗಿಲ್ಲ' ಅಂದರೆ? ನಿಜವಾದ ಉತ್ತರ ಅದೇ ಅಲ್ವಾ? ಹಾಗಂತ ಪ್ರಶ್ನೆಯನ್ನು ನೀವೇ ತಿದ್ದಬೇಡಿ, ಪ್ರಶ್ನಾವಳಿಯ ಅಂಕಕ್ಕೆ ಅರ್ಥ ಉಳಿಯುವುದಿಲ್ಲ. ಅವಳ ಮಾತನ್ನು ಇದ್ದ ಹಾಗೇ ಬರೆದುಕೊಂಡು ಬಂದು ಗೈಡ್ ಮುಂದಿಡಿ. ಕ್ಲಾಸಿನಲ್ಲಿ ಕೂತು ಎಷ್ಟು ಓದಿದರೂ ಇದು ಸಿಗುವುದಿಲ್ಲ.

ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಯಾರಾದರೂ ಹೌದು ಅಂದರೆ ಮುಂದಿನ ವಾರ ನೋಡೋಣ ಅನ್ನುವಂತಿಲ್ಲ. ಅವರನ್ನು ಒಂಟಿ ಬಿಡಬೇಡಿ, ಅಲ್ಲಿಂದಲೇ ಗೈಡ್‌ಗೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನೀವೇ ಚಿಕಿತ್ಸೆಗೆ ಇಳಿಯಬೇಡಿ. ಎಂ.ಎ. ಮುಗಿದರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಮಂಡಳಿ (ಆರ್‌ಸಿಐ) ಒಪ್ಪಿದ ಕೋರ್ಸ್, ನೋಂದಣಿ ಎರಡೂ ಬೇಕು.

ಇನ್ನು ಅವರಿಗೇನು ಸಿಗಬೇಕು ಅನ್ನೋದು. ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗುವುದಾದರೆ ಯಾವ ಕಾಗದ ಬೇಕು, ಯಾವ ಬಸ್ಸು ಹಿಡಿಯಬೇಕು ಅಂತ ವಿಚಾರಿಸಿ ತಿಳಿಸಿ. 2016ರ ಅಂಗವಿಕಲರ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಬಹಳ ವರ್ಷದಿಂದ ಕಾಯಿಲೆ ಬಿದ್ದ ಮಗ ಮನೆಯಲ್ಲಿದ್ದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿ ಹಾಕಲು ಜೊತೆಗೆ ಕೂತು ನೆರವಾಗಿ. ಆಶಾ ಕಾರ್ಯಕರ್ತೆಯನ್ನು ಬಿಟ್ಟು ಯಾವ ಮನೆಗೂ ಹೋಗಬೇಡಿ. ನಾಳೆ ಆ ಮನೆಯವರಿಗೆ ಸಿಗುವವಳು ಅವಳೇ.

ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟವಾಗುವ ವಿಷಯ ಬೇರೆ. ಜನ ಮನಸ್ಸು ಬಿಚ್ಚಿ ಮಾತಾಡಲು ಶುರು ಮಾಡಿರುತ್ತಾರೆ, ಪರೀಕ್ಷೆ ಬಂತು ಅಂತ ಹುಡುಗರು ಹೇಳದೇ ಕೇಳದೇ ನಿಂತುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಕೊನೆಯ ಭೇಟಿ ಯಾವತ್ತು ಅಂತ ಈಗಲೇ ಹೇಳಿಬಿಡಿ. ಅವತ್ತು ಮುಂದಿನ ಬ್ಯಾಚ್‌ನ ಒಬ್ಬರನ್ನಾದರೂ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ.