ಹೆಬ್ಬೆಟ್ಟು ಒತ್ತಿ ಹೋದವರನ್ನು ಮತ್ತೆ ಕರೆಯೋದು ಹೇಗೆ?

ಸಕಲೇಶಪುರ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆ ನಮಗೆ ಬರೆದಿದ್ದಾರೆ: "ಜೂನ್‌ನಲ್ಲಿ ಮೊದಲ ಸಭೆಗೆ 31 ಜನ ಪೋಷಕರು ಬಂದಿದ್ದರು. ಡಿಸೆಂಬರ್ ಸಭೆಗೆ ಬಂದವರು 6 ಜನ. ಹೊಸಬರನ್ನು ಸೇರಿಸೋದು ಕಷ್ಟ, ಸೇರಿದವರನ್ನು ಉಳಿಸಿಕೊಳ್ಳೋದು ಇನ್ನೂ ಕಷ್ಟ. ನಮ್ಮ ಜನಕ್ಕೆ ಮಕ್ಕಳ ಓದಿನ ಮೇಲೆ ಕಾಳಜಿನೇ ಇಲ್ವಾ?"

ಅಕ್ಕಾ, ನಿಮ್ಮ ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಾಳಜಿ ಇದೆ. ಬೆಳಗ್ಗೆ ತೋಟದ ಕೆಲಸಕ್ಕೆ ಜೀಪು ಹತ್ತುವ ಮುಂಚೆ ಮಗಳಿಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ ಕಳಿಸುವ ತಾಯಿಯನ್ನು ನೀವೂ ದಿನಾ ನೋಡುತ್ತೀರಿ. ಆ ತಾಯಿ ಸಭೆಗೆ ಬರಲಿಲ್ಲ ಅಂದರೆ ಸಭೆ ಇಟ್ಟ ದಿನವನ್ನು ಮೊದಲು ನೋಡಬೇಕು.

ಡಿಸೆಂಬರ್ ಅಂದರೆ ನಿಮ್ಮ ಕಡೆ ಅರೇಬಿಕಾ ಕಾಫಿ ಕುಯ್ಲು. ಅದು ಮುಗಿಯೋ ಹೊತ್ತಿಗೆ ರೊಬಸ್ಟಾ ಹಣ್ಣಾಗುತ್ತದೆ. ಕುಯ್ದ ಹಣ್ಣಿಗೆ ಕೆಜಿ ಲೆಕ್ಕದಲ್ಲಿ ದುಡ್ಡು. ಮಧ್ಯಾಹ್ನ 2 ಗಂಟೆಗೆ ಸಭೆ ಇಟ್ಟರೆ ಅರ್ಧ ದಿನದ ಕೂಲಿ ಹೋಯಿತು. ಸಂಜೆ 6ಕ್ಕೆ ಇಟ್ಟರೆ ಕತ್ತಲಾಗುತ್ತದೆ, ಆನೆ ಭಯ. ಆಲೂರು, ಸಕಲೇಶಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ವಾರದ ರಜೆ ದಿನ ಬೆಳಗ್ಗೆ, ಸಂತೆಗೆ ಹೊರಡುವ ಮುಂಚೆ, ಮುಕ್ಕಾಲು ಗಂಟೆ ಸಾಕು. ಕುಯ್ಲಿನ ತಿಂಗಳಲ್ಲಿ ಶಾಲೆಯೇ ತೋಟದ ಕೆಲಸಗಾರರ ಲೈನ್ ಮನೆಗಳ ಹತ್ತಿರ ಹೋಗಲಿ. ತೋಟದ ಮಾಲೀಕರಿಗೆ ಒಂದು ಮಾತು ಹೇಳಿ, ಹಣ್ಣಿನ ತೂಕ ಮುಗಿದ ಕೂಡಲೇ ಅಲ್ಲೇ ಕಣದ ಪಕ್ಕ ಕೂತು ಮಾತಾಡಿ. ಹೆಡ್ ಮಾಸ್ಟರ್ ಅಲ್ಲಿಗೆ ಒಂದು ಸಲ ಬಂದರೂ ಜನ ಅದನ್ನು ಮರೆಯೋದಿಲ್ಲ.

ಇನ್ನೊಂದು ವಿಷಯ, ನನಗೆ ತುಂಬಾ ನೋವು ಕೊಡುವಂಥದ್ದು. ನಮ್ಮಮ್ಮ ನನ್ನ ಶಾಲೆಗೆ ಹೋಗಿದ್ದು ಎರಡೇ ಸಲ. ಎರಡು ಸಲವೂ ಜಗಲಿ ಮೇಲೆ ನಿಂತು, ನೀಲಿ ಇಂಕಿನ ಪ್ಯಾಡಿಗೆ ಹೆಬ್ಬೆಟ್ಟು ಅದ್ದಿ, ದಪ್ಪ ಪುಸ್ತಕದಲ್ಲಿ ಒತ್ತಿ ಬಂದರು. ಏನು ಬರೆದಿತ್ತು ಅಂತ ಅವರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೊರಟುಬಿಟ್ಟರು. ಇವತ್ತಿಗೂ ಎಷ್ಟೋ ಕಡೆ ಸಭೆ ಅಂದರೆ ಇಷ್ಟೇ. ಸಹಿ ಹಾಕಿ, ಟೀ ಕುಡಿದು, ಹೊರಡಿ. ಮೂರನೇ ಸಲ ಯಾಕೆ ಬರ್ತಾರೆ ಹೇಳಿ?

ನಿಮ್ಮ ಸದಸ್ಯರಿಗೆ ಅವರ ಹಕ್ಕು ಏನು ಅಂತ ಯಾರಾದರೂ ಹೇಳಿದ್ದಾರಾ? ಕರ್ನಾಟಕದಲ್ಲಿ ಎಸ್‌ಡಿಎಂಸಿ ಬಂದದ್ದು 2001ರ ಸರ್ಕಾರಿ ಆದೇಶದಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಭಾಗ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಶಾಲೆಗೆ ಏನು ಬೇಕು ಅಂತ ಯೋಜನೆ ಮಾಡೋದು, ಬಂದ ಅನುದಾನ ಎಲ್ಲಿ ಖರ್ಚಾಯಿತು ಅಂತ ನೋಡೋದು ಈ ಸಮಿತಿಯ ಕೆಲಸ. ಅಂದರೆ ಲೆಕ್ಕ ಕೇಳುವ ಅಧಿಕಾರ ಕಾಫಿ ಕುಯ್ಯುವ ಆ ತಾಯಿಗಿದೆ. ಇದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಪ್ರತಿ ಸಭೆಯ ಶುರುವಿನಲ್ಲೇ ಬಂದ ದುಡ್ಡು, ಹೋದ ದುಡ್ಡು ಕರಿಹಲಗೆ ಮೇಲೆ ಬರೆಯಿರಿ. ಹೊಸಬರು ಬಂದ ದಿನ ಮಾತ್ರ ದಯವಿಟ್ಟು ಚಂದಾ ಕೇಳಬೇಡಿ.

ಆಮೇಲೆ, ಬಂದವರಿಗೆ ಅವರ ಕೈಗೆ ಒಗ್ಗುವ ಕೆಲಸ ಕೊಡಿ. ಮೂಡಿಗೆರೆ ಕಡೆಯ ಒಂದು ಶಾಲೆಯಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಒಬ್ಬ ತಂದೆ ಸಭೆಗೆ ಬಂದರೂ ಒಳಗೆ ಕೂರುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು. ಕುರ್ಚಿ ತೋರಿಸಿದರೆ "ಇರ್ಲಿ ಬಿಡಿ ಸಾರ್" ಅನ್ನುತ್ತಿದ್ದರು. ಅಲ್ಲಿನ ಮೇಡಂ ಒಬ್ಬರು ಅವರನ್ನು ಪಕ್ಕಕ್ಕೆ ಕರೆದು, "ಅಣ್ಣಾ, ನೀವು ಹೆಂಚಿನ ಕೆಲಸ ಮಾಡ್ತೀರಂತಲ್ಲ, ಮೂರನೇ ಕ್ಲಾಸು ಸೋರುತ್ತೆ, ಒಂದು ಸಲ ನೋಡ್ತೀರಾ?" ಅಂದರು. ಮೇ ತಿಂಗಳಲ್ಲಿ ಆತ ಇನ್ನಿಬ್ಬರನ್ನು ಕರೆದುಕೊಂಡು ಬಂದು ಮಾಡು ಹತ್ತಿದರು. ಮುಂದಿನ ಸಭೆಯಲ್ಲಿ ಒಳಗೆ ಬಂದು ಕೂತರು. ಒಡೆದ ಹೆಂಚು ಎಷ್ಟು, ಹೆಂಚಿನ ಕೆಳಗಿನ ಮರದ ರೀಪು ಎಲ್ಲಿ ಲಡ್ಡಾಗಿದೆ ಅಂತ ಅವರೇ ಎಲ್ಲರಿಗೂ ವಿವರಿಸಿದರು. ನಿಮ್ಮಲ್ಲೂ ಇಂಥವರು ಇದ್ದೇ ಇರುತ್ತಾರೆ. ಒಬ್ಬರು ಬಿಸಿಯೂಟದ ರುಚಿ ನೋಡಲಿ, ಇನ್ನೊಬ್ಬರು ಕೈತೋಟಕ್ಕೆ ಬೇಲಿ ಹಾಕಲಿ. ಕೆಲಸ ಸಣ್ಣದಿರಲಿ, ಎಂದು ಮುಗಿಯುತ್ತೆ ಅಂತ ಮೊದಲೇ ಗೊತ್ತಿರಲಿ.

ವಾಟ್ಸಾಪ್ ಗ್ರೂಪಿನಲ್ಲಿ ನೋಟಿಸ್ ಹಾಕಿದೆ ಅಂತ ಬರೆದಿದ್ದೀರಿ. ಓದಲು ಬಾರದವರಿಗೆ ನೋಟಿಸ್ ಹಾಕಿ ಏನುಪಯೋಗ? ವಾಯ್ಸ್ ಮೆಸೇಜ್ ಕಳಿಸಿ. ಅದಕ್ಕಿಂತ ಮನೆ ಬಾಗಿಲಿಗೆ ಹೋಗಿ, ಮಗುವಿನ ಹೆಸರು ಹೇಳಿ ಕರೆಯೋದು ಒಳ್ಳೇದು. ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ಬಂದು ತೋಟದಲ್ಲಿರುವ ಕುಟುಂಬಗಳನ್ನು ಬಿಡಬೇಡಿ. ಅವರ ಮಕ್ಕಳೂ ನಿಮ್ಮ ಬೆಂಚಿನ ಮೇಲೇ ಕೂರುತ್ತಾರೆ, ಅಲ್ವಾ?

ಏಳನೇ ಕ್ಲಾಸಿನ ಪೋಷಕರೇ ಸಮಿತಿಯಲ್ಲಿ ಜಾಸ್ತಿ ಇದ್ದಾರೆ ಅಂದಿದ್ದೀರಿ. ಮಗು ಶಾಲೆ ಬಿಟ್ಟರೆ ಅವರೂ ಹೋಗುತ್ತಾರೆ. ಈ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ದಾಖಲಾತಿ ಮಾಡಿಸಲು ಬರುವವರ ಜೊತೆ, ಅರ್ಜಿ ತುಂಬುವ ಹೊತ್ತಿಗೇ ನೀವು ಐದು ನಿಮಿಷ ಕೂತು ಮಾತಾಡಿ. ಅವರು ನಿಮ್ಮ ಜೊತೆ ಏಳು ವರ್ಷ ಇರುವವರು.

ಪತ್ರದ ಅಂಚಿನಲ್ಲಿ ಒಬ್ಬ ಅಜ್ಜಿಯ ಬಗ್ಗೆ ಬರೆದಿದ್ದೀರಿ. ಮೊಮ್ಮಗನನ್ನು ದಿನಾ ಬಿಟ್ಟು ಹೋಗುತ್ತಾರೆ, ಗೇಟಿನ ಒಳಗೆ ಮಾತ್ರ ಬರೋದಿಲ್ಲ ಅಂತ. ನಾಳೆ ಬೆಳಗ್ಗೆ ಅವರನ್ನು ಒಳಗೆ ಕರೆಯಿರಿ. ಹುಡುಗ ಬರೆದ ಪುಸ್ತಕವನ್ನು ಅವರ ಕೈಗೆ ಕೊಡಿ. ಏನಾಯಿತು ಅಂತ ನಮಗೆ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ