ಸಾಲ್ ನದಿಯ ಮೇಲೆ ಡ್ರೋನ್: ಮನೆಯಲ್ಲೇ ತೇಲುಕಾಲು ಮಾಡುವುದು ಹೇಗೆ?

ಪ್ರಶ್ನೆ: ನಾನು ಧಾರವಾಡದವನು, ಕೆಲಸಕ್ಕಾಗಿ ಗೋವಾದ ಮಡಗಾಂವ್‌ನಲ್ಲಿದ್ದೇನೆ. ರಜೆ ದಿನ ಬೇತುಲ್ ಕಡೆ ಗೆಳೆಯರ ದೋಣಿ ಹತ್ತಿ, ಸಾಲ್ ನದಿಯ ಮೇಲೆ ಡ್ರೋನ್ ಹಾರಿಸುವ ಆಸೆ. ಡ್ರೋನ್ ತೂಕ 570 ಗ್ರಾಂ. ಈಜುಕೊಳದ ಫೋಮ್ ನೂಡಲ್ ಕತ್ತರಿಸಿ ಕೆಳಗೆ ಕಟ್ಟಿದರೆ ತೇಲುತ್ತದೆಯೇ? ಥರ್ಮಾಕೋಲ್ ಆದರೂ ನಡೆಯುತ್ತಾ? — ಓದುಗರು, ಮಡಗಾಂವ್

ಉತ್ತರ: ತೇಲುತ್ತದೆ. ಆದರೆ ಕಾಲು ಮೇಲೆ, ಕ್ಯಾಮೆರಾ ಕೆಳಗೆ ಆಗಿ ತೇಲಿದರೆ ಏನು ಬಂತು? ಮನೆಯಲ್ಲಿ ಮಾಡಿದ ತೇಲುಕಾಲು, ಅಂದರೆ ಡ್ರೋನ್ ತೇಲಲೆಂದು ಕೆಳಗೆ ಕಟ್ಟುವ ಫೋಮ್ ಕಾಲು, ಹೆಚ್ಚಾಗಿ ಸೋಲುವುದು ಇಲ್ಲೇ. ಫೋಮ್ ಬೇಕಾದಷ್ಟು ಇರುತ್ತದೆ, ಆದರೆ ಎಲ್ಲವೂ ಹೊಟ್ಟೆಯ ಕೆಳಗೆ ಒಂದೇ ಕಡೆ ಇರುತ್ತದೆ. ಸಣ್ಣ ಅಲೆ ಬಂದರೂ ಡ್ರೋನ್ ಮಗುಚುತ್ತದೆ.

ಮೊದಲು ಲೆಕ್ಕ ನೋಡೋಣ. ಒಂದು ಗ್ರಾಂ ತೂಕ ತೇಲಲು ಒಂದು ಘನ ಸೆಂಟಿಮೀಟರ್ ನೀರು ಪಕ್ಕಕ್ಕೆ ಸರಿಯಬೇಕು. ಡ್ರೋನ್ 570 ಗ್ರಾಂ. ಫೋಮ್, ಕಡ್ಡಿ, ಪಟ್ಟಿ ಸೇರಿ ಇನ್ನೊಂದು 80 ಗ್ರಾಂ ಇಟ್ಟುಕೊಳ್ಳಿ. ಒಟ್ಟು 650. ಫೋಮ್ ಅರ್ಧ ಮಾತ್ರ ಮುಳುಗಬೇಕಾದರೆ 1300 ಘನ ಸೆಂಟಿಮೀಟರ್ ಬೇಕು. ಆರೂವರೆ ಸೆಂಟಿಮೀಟರ್ ದಪ್ಪದ, ನಡುವೆ ಎರಡು ಸೆಂಟಿಮೀಟರ್ ತೂತಿರುವ ನೂಡಲ್ ಆದರೆ ಪ್ರತಿ ಸೆಂಟಿಮೀಟರ್ ಉದ್ದಕ್ಕೆ ಸುಮಾರು 30 ಘನ ಸೆಂಟಿಮೀಟರ್ ಸಿಗುತ್ತದೆ. ಅಂದರೆ 11 ಸೆಂಟಿಮೀಟರ್‌ನ ನಾಲ್ಕು ತುಂಡು ಸಾಕು. ಉಪ್ಪುನೀರು ಇನ್ನೂ ಎರಡೂವರೆ ಶೇಕಡಾ ಜಾಸ್ತಿ ಎತ್ತುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈ ನಾಲ್ಕು ತುಂಡುಗಳನ್ನು ನಾಲ್ಕು ಮೋಟರ್‌ಗಳ ನೇರ ಕೆಳಗೆ, ನಿಲ್ಲಿಸಿದಂತೆ ಇಡಿ. ರೆಕ್ಕೆಯ ನಡುಭಾಗ ಹೇಗೂ ಜಾಸ್ತಿ ಗಾಳಿ ತಳ್ಳುವುದಿಲ್ಲ, ಹಾಗಾಗಿ ಅಲ್ಲಿ ಅಡ್ಡ ಬಂದರೆ ನಷ್ಟ ಕಡಿಮೆ. ಉದ್ದಕ್ಕೆ ಮಲಗಿಸಿದರೆ ರೆಕ್ಕೆ ಕೆಳಕ್ಕೆ ತಳ್ಳುವ ಗಾಳಿಗೆಲ್ಲ ಅಡ್ಡ ಆಗುತ್ತದೆ. ನೀರಿನಲ್ಲೂ ಇದೇ ಜಾಗ ಒಳ್ಳೆಯದು, ಕಾಲುಗಳು ಅಗಲವಾಗಿ ಹರಡಿದಷ್ಟೂ ಮಗುಚುವುದು ಕಷ್ಟ. ಗಾಳಿಪಟಕ್ಕೆ ಬಳಸುವ ಕಾರ್ಬನ್ ಕಡ್ಡಿಯಿಂದ ಹಗುರವಾದ ಚೌಕಟ್ಟು ಮಾಡಿ, ವೆಲ್ಕ್ರೋ ಮತ್ತು ಜಿಪ್ ಟೈ ಹಾಕಿ ತೋಳುಗಳಿಗೆ ಕಟ್ಟಿ. ಬಿಸಿ ಅಂಟೊಂದನ್ನೇ ನಂಬಬೇಡಿ, ಬಿಸಿಲಿಗೆ ಮೆತ್ತಗಾಗುತ್ತದೆ. ಹೊಟ್ಟೆಯ ಕೆಳಗಿನ ಸೆನ್ಸರ್‌ಗೂ ಗಾಳಿಕಿಂಡಿಗೂ ಏನೂ ಅಡ್ಡ ಬರಬಾರದು.

ಥರ್ಮಾಕೋಲ್ ಬೇಡ. ತೇಲುತ್ತದೆ ನಿಜ, ಆದರೆ ಒಡೆದರೆ ಅದರ ಬಿಳಿ ಕಾಳು ನದಿಯಲ್ಲೇ ಉಳಿಯುತ್ತದೆ. ಆ ನದಿಯಲ್ಲಿ ಮೀನು ಹಿಡಿದು ಬದುಕುವವರಿದ್ದಾರೆ. ಟಿವಿ ಪೆಟ್ಟಿಗೆಯಲ್ಲಿ ಬರುವ ಬಾಗುವ ಬಿಳಿ ಫೋಮ್ ಆಗಬಹುದು. ಪಾತ್ರೆ ತೊಳೆಯುವ ಸ್ಪಂಜು ಖಂಡಿತ ಬೇಡ, ಅದು ನೀರು ಹೀರುತ್ತದೆ.

ಮೊದಲ ಪರೀಕ್ಷೆಗೆ ಡ್ರೋನ್ ಬೇಕಿಲ್ಲ. ಡ್ರೋನ್‌ನಷ್ಟೇ ಅಗಲದ ಡಬ್ಬಿಗೆ 570 ಗ್ರಾಂ ಮರಳು ತುಂಬಿ, ಅದಕ್ಕೇ ಕಾಲು ಕಟ್ಟಿ ಟಬ್‌ನಲ್ಲಿ ಬಿಡಿ. ಕೈಯಿಂದ ಚೆನ್ನಾಗಿ ವಾಲಿಸಿ. ತಾನಾಗಿ ನೆಟ್ಟಗಾಗದಿದ್ದರೆ ಕಾಲುಗಳನ್ನು ಇನ್ನಷ್ಟು ಹೊರಕ್ಕೆ ಸರಿಸಿ. ಆಮೇಲೆ ಬಯಲಿನಲ್ಲಿ, ಆಳೆತ್ತರದಲ್ಲಿ ಹಾರಿಸಿ ನೋಡಿ. ಫೋಮ್ ತೂಕಕ್ಕಿಂತ ಅದು ಹಿಡಿಯುವ ಗಾಳಿಯೇ ಬ್ಯಾಟರಿಯನ್ನು ಹೆಚ್ಚು ತಿನ್ನುತ್ತದೆ. ಬ್ಯಾಟರಿ ಅರ್ಧ ಆದಾಗ ವಾಪಸ್ ತಿರುಗಿಸಿ.

ಇಷ್ಟು ಮಾಡಿದರೂ ನೀರಿನ ಮೇಲೆ ಬೇಕೆಂದೇ ಇಳಿಸಬೇಡಿ. ರೆಕ್ಕೆಯ ಗಾಳಿಗೆ ಎದ್ದ ಉಪ್ಪಿನ ತುಂತುರು ಮೋಟರ್‌ಗೂ ಒಳಗಿನ ಬೋರ್ಡ್‌ಗೂ ಹೋಗುತ್ತದೆ. ತೇಲುಕಾಲಿನ ಕೆಲಸ ಒಂದೇ: ದೋಣಿ ಅಲ್ಲಿಗೆ ಮುಟ್ಟುವವರೆಗೆ ಡ್ರೋನನ್ನು ಮುಳುಗದಂತೆ, ಕಣ್ಣಿಗೆ ಕಾಣುವಂತೆ ಇಡುವುದು. ಹಾಗಾಗಿ ಫೋಮ್ ಕಿತ್ತಳೆ ಬಣ್ಣದ್ದಿರಲಿ, ಮೇಲೆ ಫೋನ್ ನಂಬರ್ ಬರೆಯಿರಿ. ಹೊರಡುವ ಮುಂಚೆ ಉಬ್ಬರ-ಇಳಿತದ ಸಮಯ ನೋಡಿ. ಸಾಲ್ ನದಿ ಬೇತುಲ್‌ನಲ್ಲಿ ಸಮುದ್ರ ಸೇರುತ್ತದೆ. ಇಳಿತದ ಹೊತ್ತಿನಲ್ಲಿ ಬಿದ್ದ ಡ್ರೋನ್ ತೇಲುತ್ತಲೇ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ನೀರು ಏರುವಾಗ ಹಾರಿಸಿದರೆ ಒಳಗಡೆಗೆ ಬರುತ್ತದೆ. ನನ್ನ ಪ್ರಕಾರ ಒಳ್ಳೆಯ ಫೋಮ್‌ಗಿಂತ ಇದು ಮುಖ್ಯ.

ದೋಣಿಯಿಂದ ಹಾರಿಸುವವರಿಗೆ ಇನ್ನೊಂದು ಅಪಾಯವಿದೆ. ಡ್ರೋನ್ ತಾನಾಗಿ ಮರಳುವುದು ಹೊರಟ ಜಾಗಕ್ಕೆ, ದೋಣಿ ಈಗ ಇರುವ ಜಾಗಕ್ಕಲ್ಲ. ಆ ಜಾಗದಲ್ಲಿ ಈಗ ಬರೀ ನೀರು ಇರುತ್ತದೆ ಅಲ್ವಾ? ಹೋಮ್ ಪಾಯಿಂಟ್ (ಡ್ರೋನ್ ಮರಳಬೇಕಾದ ಜಾಗ) ಆಗಾಗ ಬದಲಿಸುತ್ತಿರಿ. ಇಂಜಿನ್, ಕಬ್ಬಿಣದ ಹತ್ತಿರ ಕಂಪಾಸ್ ಸರಿ ಮಾಡಲು ಹೋಗಬೇಡಿ. ನೀರಿಗೆ ತೀರಾ ಹತ್ತಿರವೂ ಹಾರಿಸಬೇಡಿ. ಕದಲುವ, ಹೊಳೆಯುವ ನೀರು ಕೆಳಗಿನ ಸೆನ್ಸರ್‌ಗಳಿಗೆ ಗೊಂದಲ ಮಾಡುತ್ತದೆ, ಡ್ರೋನ್ ತನ್ನಷ್ಟಕ್ಕೆ ಕೆಳಗಿಳಿಯಬಹುದು.

ಕಾನೂನಿನ ಮಾತು ಚಿಕ್ಕದಾಗಿ. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗೆ ನ್ಯಾನೋ, ಅಲ್ಲಿಂದ 2 ಕಿಲೋವರೆಗೆ ಮೈಕ್ರೋ. ನಿಮ್ಮದು ಮೈಕ್ರೋ, ನೋಂದಣಿ ಬೇಕು. ಹವ್ಯಾಸಕ್ಕಾದರೆ ಪೈಲಟ್ ಪ್ರಮಾಣಪತ್ರ ಬೇಡ. ಮದುವೆ ಶೂಟಿಂಗ್‌ಗೆ ದುಡ್ಡು ತೆಗೆದುಕೊಂಡರೆ ಬೇಕು. ತೂಕ ಲೆಕ್ಕ ಹಾಕುವುದು ಹೊತ್ತ ಸಾಮಾನು ಸೇರಿಸಿಯೇ, ಹಾಗಾಗಿ 249 ಗ್ರಾಂ ಡ್ರೋನ್‌ಗೆ ತೇಲುಕಾಲು ಕಟ್ಟಿದರೆ ಅದೂ ಮೈಕ್ರೋ ಆಗುತ್ತದೆ. ವಿಮಾನ ನಿಲ್ದಾಣದಿಂದ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. 8ರಿಂದ 12 ಕಿಲೋಮೀಟರ್‌ವರೆಗೆ 200 ಅಡಿ ಮೀರಬಾರದು. ಬೇತುಲ್ ದಾಬೋಲಿಮ್ ವಿಮಾನ ನಿಲ್ದಾಣದಿಂದ ಅದಕ್ಕಿಂತ ದೂರವಿದೆ, ಆದರೂ ಪ್ರತಿ ಸಲ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆ ನೋಡಿ. ಇನ್ನೂ ದಕ್ಷಿಣಕ್ಕೆ ಹೋದರೆ ಕಾರವಾರದ ನೌಕಾನೆಲೆ ಬರುತ್ತದೆ. ಅಗೋಂದ, ಗಾಲ್ಜಿಬಾಗ ತೀರಗಳಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಅಲ್ಲಿ ಹಾರಿಸಲೇಬೇಡಿ, ದಯವಿಟ್ಟು.

ಪ್ರಶ್ನೆ: ಅಂಜುಣದಲ್ಲಿ ನನ್ನ ಡ್ರೋನ್ ಸಮುದ್ರಕ್ಕೆ ಬಿತ್ತು. ಎತ್ತಿ ತಂದು ಅಕ್ಕಿ ಚೀಲದಲ್ಲಿಟ್ಟಿದ್ದೇನೆ. ಯಾವಾಗ ಆನ್ ಮಾಡಲಿ? — ಓದುಗರು, ಮಾಪ್ಸಾ

ಉತ್ತರ: ಈಗಲೇ ಹೊರಗೆ ತೆಗೆಯಿರಿ, ಆನ್ ಮಾಡಬೇಡಿ. ಅಕ್ಕಿ ಉಪ್ಪನ್ನು ತೆಗೆಯುವುದಿಲ್ಲ. ಹಾಳು ಮಾಡುವುದೇ ಆ ಉಪ್ಪು. ಮೊದಲು ಬ್ಯಾಟರಿ ತೆಗೆದು, ಮನೆಯ ಹೊರಗೆ ಮರಳಿನ ಮೇಲಿಡಿ. ಉಪ್ಪುನೀರು ಕುಡಿದ ಲಿಥಿಯಂ ಬ್ಯಾಟರಿ ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಅದನ್ನು ಮತ್ತೆ ಚಾರ್ಜ್ ಮಾಡಲೇಬಾರದು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಡ್ರೋನನ್ನು ಸಿಹಿನೀರಿನಲ್ಲಿ ಅದ್ದಿ ತೊಳೆಯಿರಿ, ಹೆದರಬೇಡಿ. ಕೊನೆಗೆ ಡಿಸ್ಟಿಲ್ಡ್ ವಾಟರ್, ಆಮೇಲೆ ಬೋರ್ಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಎರಡು ಮೂರು ದಿನ ಫ್ಯಾನ್ ಗಾಳಿಗೆ ಒಣಗಿಸಿ, ಬೇರೆ ಬ್ಯಾಟರಿ ಹಾಕುವ ಮೊದಲು ರಿಪೇರಿಯವರಿಗೆ ತೋರಿಸಿ. ಮೆಮೊರಿ ಕಾರ್ಡನ್ನೂ ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಕಾರ್ಡ್ ರೀಡರ್‌ಗೆ ಹಾಕಿ ನೋಡಿ. ಚಿತ್ರಗಳು ಉಳಿದಿರುವ ಸಾಧ್ಯತೆ ಚೆನ್ನಾಗಿಯೇ ಇದೆ.